ಮೆಂತ್ಯದ ಹದ

"ಅಮ್ಮಾ, ಮೆಂತ್ಯ ಇಳಿಸು. ಸೀಯ್ತಾ ಇದೆ."

ಒಲೆಗೆ ಬೆನ್ನು ಹಾಕಿ ಕೂತು, ಸಾರಿನ ಪುಡಿಯ ಪ್ಯಾಕೆಟ್ಟುಗಳಿಗೆ ಲೇಬಲ್ ಅಂಟಿಸುತ್ತಿದ್ದ ತೇಜಶ್ರೀ ತಲೆಯೆತ್ತದೆಯೇ ಹೇಳಿದಳು. ಬಾಣಲೆಯ ಮುಂದೆ ನಿಂತಿದ್ದ ಭಾಗ್ಯಲಕ್ಷ್ಮಿಯ ಕೈಯಲ್ಲಿ ಸೌಟು ಹಾಗೇ ನಿಂತುಬಿಟ್ಟಿತು.

ಜೋಗುಪಾಳ್ಯದ ಈ ಅಡುಗೆಮನೆಯಲ್ಲಿ ಧನಿಯಾ, ಮೆಣಸು, ಮೆಂತ್ಯ ಹದಕ್ಕೆ ಬಂತೆಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದದ್ದು ಮಗಳ ಮೂಗು. ಇಂದಿರಾನಗರದ ಪಾರ್ಟಿಗಳಲ್ಲಿ ಗೆಳೆಯರ ಜೊತೆ ಒಂದು ವರ್ಷ ಅದೇ ಮೂಗಿಗೆ ಬಿಳಿ ಪುಡಿ ಎಳೆದುಕೊಂಡಳು. ಒಂದೇ ಸಲ, ಏನೂ ಆಗಲ್ಲ ಎಂದು ಶುರುವಾದದ್ದು, ಮೂಗಿನಿಂದ ರಕ್ತ ಸುರಿದು ಆಸ್ಪತ್ರೆ ಸೇರುವವರೆಗೂ ನಿಲ್ಲಲಿಲ್ಲ. ಅದನ್ನು ಬಿಟ್ಟು ಈಗ ಏಳು ತಿಂಗಳು. ಮೈ ತುಂಬಿಕೊಂಡಿತ್ತು, ನಿದ್ದೆ ಬರುತ್ತಿತ್ತು. ವಾಸನೆ ಹಿಡಿಯುವ ಶಕ್ತಿ ಮಾತ್ರ ಮರಳಿರಲಿಲ್ಲ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಲ್ಲಿಂದೀಚೆಗೆ ಅವಳು ಒಲೆಯ ಹತ್ತಿರ ಬರುತ್ತಿರಲಿಲ್ಲ, ಲೇಬಲ್ ಅಂಟಿಸುವ ಕೆಲಸ ಹಿಡಿದಿದ್ದಳು.

"ಕೇಳಿಸ್ತೇನಮ್ಮಾ? ಕಪ್ಪಾಗೋಗುತ್ತೆ ನೋಡು," ಎನ್ನುತ್ತಾ ತಿರುಗಿದವಳು ಅಮ್ಮನ ಮುಖ ನೋಡಿದಳು. ಲೇಬಲ್ ಅಂಟಿಕೊಂಡಿದ್ದ ಬೆರಳು ಮೆಲ್ಲಗೆ ಮೂಗಿನ ಹತ್ತಿರ ಹೋಯಿತು.

ಭಾಗ್ಯಲಕ್ಷ್ಮಿ ಸೀದ ಮೆಂತ್ಯವನ್ನು ತಟ್ಟೆಗೆ ಸುರಿದು, ಬಾಣಲೆ ಒರೆಸಿ, ಡಬ್ಬದಿಂದ ಇನ್ನೊಂದು ಹಿಡಿ ತೆಗೆದು ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಸೌಟು ಹಿಡಿದಳು.

"ಆ ಕಡೆ ತಿರುಗಿ ಕೂತ್ಕೊ," ಎಂದಳು. "ಈ ಸಲ ಸೀಯೋಕ್ ಮುಂಚೆ ಹೇಳು."