ಟವೆಲ್ಲಿನ ಕೆಳಗಿನ ಫೈನಲ್

ಮಾತುಕತೆಯೆಲ್ಲ ಸುಸೂತ್ರವಾಗಿ ಮುಗಿದು ಇನ್ನೇನು ಹೋಳಿಗೆ ಊಟಕ್ಕೆ ಏಳಬೇಕು, ಅಷ್ಟರಲ್ಲಿ ಹೆಣ್ಣು ನೋಡಲು ಬಂದಿದ್ದ ಕಿರಣಕುಮಾರ ಗೋಡೆಯ ಮೇಲಿನ ಫೋಟೋದ ಮುಂದೆ ಹೋಗಿ ನಿಂತ. ಚಡ್ಡಿ ಹಾಕಿದ ಹನ್ನೊಂದು ಹುಡುಗರು, ನಡುವೆ ಫುಟ್‌ಬಾಲ್ ಹಿಡಿದು ಎದೆ ಉಬ್ಬಿಸಿ ಕೂತ ಕ್ಯಾಪ್ಟನ್.

“ಮಾಮಾರ, ಇದು ನೀವ ಏನ್ರಿ? ಬ್ಯಾಡಗಿ ಟೀಮು, ಎಂಬತ್ತೆರಡನೇ ಇಸ್ವಿ! ಅದ ವರ್ಷ ನಮ್ಮಪ್ಪಾರು ರಾಣೆಬೆನ್ನೂರು ಟೀಮಿನ ಕ್ಯಾಪ್ಟನ್ ಇದ್ರು. ಫೈನಲ್‌ನಾಗ ಬ್ಯಾಡಗಿಯವರನ್ನ ಎರಡು ಗೋಲಿಂದ ಸೋಲಿಸಿ ಬಂದಿದ್ರಂತ. ಹೌದಲ್ರಿ ಅಪ್ಪಾರ?”

ಎಲೆ ಅಡಿಕೆ ತಾಟು ಹಿಡಿದು ಬಂದ ಹುಡುಗಿ ಭುವನಾ ಅಲ್ಲೇ ನಿಂತಳು. “ಯಾರು ಯಾರನ್ನ ಸೋಲಿಸಿದ್ರಿ? ಆ ಫೈನಲ್‌ನಾಗ ನಮ್ಮಪ್ಪಾಜಿ ಮೂರು ಗೋಲ್ ಹೊಡದಾರ.”

“ನಮ್ಮಪ್ಪಾರ ಗೋಲ್‌ಕೀಪರ್ ಇದ್ರಲ್ರಿ. ಒಂದೂ ಒಳಗ ಬಿಟ್ಟಿಲ್ಲ.”

“ಹಂಗಾರ ಇಬ್ಬರೊಳಗ ಒಬ್ಬರು ಸುಳ್ಳು ಹೇಳ್ಯಾರ. ಸುಳ್ಳು ಹೇಳೋರ ಮನಿಗೆ ನಾ ಸೊಸಿಯಾಗಿ ಬರಂಗಿಲ್ಲ ನೋಡ್ರಿ.”

“ಸುಳ್ಳು ಯಾರ ಮನೀದು ಅಂತ ಮೊದಲ ಗೊತ್ತಾಗ್ಲಿ ತಂಗಿ,” ಎಂದು ಹುಡುಗನ ತಾಯಿ ದ್ರಾಕ್ಷಾಯಿಣಿ ಅರ್ಧ ಕುಡಿದ ಚಹಾ ಕೆಳಗಿಟ್ಟಳು.

ಹೆಣ್ಣಿನ ತಂದೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪ ಗಾಬರಿಯಾದ. ಬಂದ ಗಂಡುಗಳನ್ನೆಲ್ಲ ಒಂದಿಲ್ಲೊಂದು ಕೊಂಕು ತೆಗೆದು ಸಾಗಹಾಕಿದ್ದ ಮಗಳು ಹೂಂ ಅಂದದ್ದು ಈ ಹುಡುಗನೊಬ್ಬನಿಗೇ. ಎದುರಿಗೆ ಕೂತಿದ್ದ ಬೀಗ ಹಾಲೇಶಪ್ಪನನ್ನು ಹೊಟ್ಟೆ ಕಳೆದು, ಕೂದಲು ಕೂಡಿಸಿ ನೋಡಿದ. ಅವನೇ! ಹಾಲೇಶಪ್ಪನೂ ಇವನನ್ನು ಅದೇ ಲೆಕ್ಕದಲ್ಲಿ ನೋಡುತ್ತಿದ್ದ. ಇಬ್ಬರೂ ಒಮ್ಮೆಗೇ ಕಣ್ಣು ತಪ್ಪಿಸಿದರು.

ಆ ಫೈನಲ್ ನಡೆದೇ ಇರಲಿಲ್ಲ. ಹಾವೇರಿಯವರನ್ನು ಹಾವೇರಿಯಲ್ಲೇ ಮಣ್ಣು ಮುಕ್ಕಿಸಿ, ಸೀಸನ್ ಪೂರ್ತಿ ಸೋಲದೆ ಬಂದ ಬ್ಯಾಡಗಿ ಟೀಮು ಅಂದು ಬೂಟು ಕಟ್ಟಿಕೊಂಡು ತಮ್ಮೂರ ಮೈದಾನಕ್ಕೆ ಹೋದರೆ ಅಲ್ಲಿ ನೆಲವೇ ಕಾಣಲಿಲ್ಲ. ಈ ಗೋಲಿನಿಂದ ಆ ಗೋಲಿನವರೆಗೆ ಮೆಣಸಿನಕಾಯಿ ಒಣಹಾಕಿತ್ತು. ಹಾಕಿಸಿದವರು ಮತ್ತಾರೂ ಅಲ್ಲ, ಪ್ರಭುಲಿಂಗಪ್ಪನ ತಂದೆಯೇ. ಒಂದು ಚೆಂಡಿಗಾಗಿ ಅವರ ಮಾಲು ಎತ್ತಿಸುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ಮಗನಿಗಂತೂ ಮೊದಲೇ ಇರಲಿಲ್ಲ. ಬದಿಯಲ್ಲಿ ಒಂದಿಷ್ಟು ಜಾಗ ಗುಡಿಸಿಕೊಂಡು ಆಡಿಸೋಣವೆಂದು ರೆಫರಿ ಸೀಟಿ ಬಾಯಿಗಿಟ್ಟರು. ಘಾಟಿಗೆ ಸೀಟಿಯೊಳಗಿಂದ ಸೀನೇ ಬಂತು. ಎರಡೂ ಕಡೆಯ ಹುಡುಗರು ಸೀನಿ, ಕೆಮ್ಮಿ, ಕಣ್ಣೊರೆಸಿಕೊಂಡು ಮನೆಗೆ ಹೋದರು. ಇನ್ನೊಮ್ಮೆ ಆಡಿಸುತ್ತೇವೆಂದವರು ಆಡಿಸಲೇ ಇಲ್ಲ.

ಪ್ರಭುಲಿಂಗಪ್ಪ ಅಂದು ಅತ್ತದ್ದು ಘಾಟಿಗಲ್ಲ. ಆ ದುಃಖ ತಡೆಯದೆ ಮುಂದೆ ಯಾರದೋ ಎದುರು ಒಂದು ಗೋಲು ಹೊಡೆದೆ ಅಂದ. ಮದುವೆಯಾದ ಮೇಲೆ ಹೆಂಡತಿಗೆಂದು ಇನ್ನೊಂದು ಹೊಡೆದ. ಮಗಳಿಗೆ ಕಥೆ ಹೇಳಿ ಉಣಿಸುವ ಕಾಲಕ್ಕೆ ಮೂರನೆಯದೂ ತಾನಾಗಿ ಬಲೆಗೆ ಬಿತ್ತು. ರಾಣೆಬೆನ್ನೂರಿನಲ್ಲಿ ಹಾಲೇಶಪ್ಪ ಅಷ್ಟೇ ಶ್ರದ್ಧೆಯಿಂದ ಅವನ್ನೆಲ್ಲ ತಡೆಯುತ್ತಿದ್ದನೆಂಬುದು ಅವನಿಗೆ ಹೇಗೆ ಗೊತ್ತಾಗಬೇಕು?

“ಬೀಗರ, ಇಲ್ಲೆ ಬಾಜೂಕ ಬರ್ರಿ. ಹಳೇ ಮಂದಿ ನಾವು,” ಎಂದು ಹಾಲೇಶಪ್ಪನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ. ಅವನ ಕೈ ಹಿಡಿದು ಮೇಲೆ ತನ್ನ ಹೆಗಲ ಟವೆಲ್ ಹೊದಿಸಿದ. ದನದ ಸಂತೆಯಲ್ಲಿ ದಲ್ಲಾಳಿಗಳು ಎತ್ತಿನ ರೇಟು ಮಾತಾಡುವುದೂ ಹೀಗೆಯೇ, ಬಾಯಿ ಮುಚ್ಚಿ ಬೆರಳಿನಲ್ಲಿ. ಇಬ್ಬರೂ ವ್ಯಾಪಾರಸ್ಥರ ಮಕ್ಕಳು. ಹಾಲೇಶಪ್ಪನಿಗೆ ಹೇಳಿಕೊಡಬೇಕಾಗಲಿಲ್ಲ.

ಪ್ರಭುಲಿಂಗಪ್ಪ ತನ್ನ ಗೋಲುಗಳೆಂದು ಮೂರು ಬೆರಳು ಚಾಚಿದ. ಹಾಲೇಶಪ್ಪ ಮೂರನ್ನೂ ಮಡಚಿದ.

“ಈ ಸಲ ಮಳಿ ಚಲೋ ಆತಲ್ರಿ ಬೀಗರ,” ಎಂದು ಪ್ರಭುಲಿಂಗಪ್ಪ ಮತ್ತೆ ಎರಡು ಬೆರಳು ಬಿಡಿಸಿದ.

“ಆತ್ರಿ, ಭಾಳ ಚಲೋ ಆತು,” ಎಂದು ಹಾಲೇಶಪ್ಪ ತಾವು ಹೊಡೆದವೆಂದು ತನ್ನ ಎರಡು ಬೆರಳು ಅದಕ್ಕೆ ಒತ್ತಿ ಹಿಡಿದ. ಪ್ರಭುಲಿಂಗಪ್ಪ ಅವುಗಳಲ್ಲಿ ಒಂದನ್ನು ಮಡಚಲು ನೋಡಿದ. ಅದು ಜಗ್ಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರಭುಲಿಂಗಪ್ಪನ ಹೆಂಡತಿ ಪ್ರೇಮವ್ವ, ಈ ವಯಸ್ಸಿನಲ್ಲಿ ಇಬ್ಬರೂ ಹೀಗೆ ಕೈ ಹಿಡಿದು ಕೂತದ್ದು ಕಂಡು ಸೆರಗಿನಿಂದ ಕಣ್ಣೊತ್ತಿಕೊಂಡಳು. ಪ್ರಭುಲಿಂಗಪ್ಪನಿಗೆ ತನ್ನ ಮೂರನೆಯ ಗೋಲು ಬಿಟ್ಟುಕೊಡುವಾಗ ನಿಜವಾಗಿಯೂ ಸಂಕಟವಾಯಿತು. ಅದನ್ನು ಅವನು ತಲೆಯಿಂದ ಹೊಡೆದಿದ್ದ.

“ಎರಡಕ್ಕ ಎರಡು,” ಎಂದು ಟವೆಲ್ ಕೊಡವಿದ. “ವಯಸ್ಸಾತು ನೋಡ್ರಿ. ಅವರವರು ಹೊಡದದ್ದಷ್ಟ ಅವರವರಿಗೆ ನೆನಪೈತಿ.”

“ಮತ್ತ ಕಪ್ ಯಾರಿಗೆ ಕೊಟ್ರಿ?” ಎಂದ ಕಿರಣಕುಮಾರ.

“ತಂದವರ ವಾಪಸ್ ಒಯ್ದ್ರಪಾ,” ಎಂದ ಹಾಲೇಶಪ್ಪ. ಅಂದಿನ ಮಾತಿನಲ್ಲೆಲ್ಲ ಖರೇ ಇದ್ದದ್ದು ಅದೊಂದೇ. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ಭುವನಾ ನಕ್ಕಳು. ದ್ರಾಕ್ಷಾಯಿಣಿ ಆರಿದ ಚಹಾವನ್ನೇ ಎತ್ತಿ ಕುಡಿದಳು. ಹೋಳಿಗೆ ಬಂತು, ತುಪ್ಪ ಬಂತು, ಲಗ್ನದ ತಿಂಗಳೂ ಗೊತ್ತಾಯಿತು. ಗಂಡಾಂತರ ಕಳೆಯಿತೆಂದು ಪ್ರಭುಲಿಂಗಪ್ಪ ಎರಡು ಹೋಳಿಗೆ ಹೆಚ್ಚಿಗೆ ತಿಂದ.

ಬೀಳ್ಕೊಡುವಾಗ ಕಾರಿನೊಳಗೆ ಒಂದು ಕಾಲಿಟ್ಟ ಹಾಲೇಶಪ್ಪ ಯಾಕೋ ನಿಂತ. ಪ್ರಭುಲಿಂಗಪ್ಪನ ಕೈ ಹಿಡಿದು ದನಿ ಇಳಿಸಿದ.

“ಬೀಗರ, ಖರೇ ಹೇಳ್ರಿ. ಆವತ್ತ ಆಡಿದ್ರ ಯಾರು ಗೆಲ್ತಿದ್ರು?”

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕೇಳಬಲ್ಲವನೂ ಜಗತ್ತಿನಲ್ಲಿ ಇವನೊಬ್ಬನೇ. ಬಾಗಿಲಲ್ಲಿ ಮಗಳು ಕೈ ಬೀಸುತ್ತಿದ್ದಳು. ಒಂದು ಒಳ್ಳೆಯ ಮಾತು ಆಡಿ ಕಳಿಸಿದರೆ ಮುಗಿಯಿತು, ಅದು ಪ್ರಭುಲಿಂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

“ನಾವ,” ಎಂದ.

ಹಾಲೇಶಪ್ಪ ಕಾರಿನೊಳಗಿಟ್ಟಿದ್ದ ಕಾಲನ್ನು ಹೊರಗೆ ತೆಗೆದ.