ದಿನಕ್ಕೊಂದು ತತ್ತಿ

ಎರಡು ತಿಂಗಳಿಂದ ಓಣಿಯ ಹೆಂಗಸರೆಲ್ಲ ಸೇರಿ ಒಂದೇ ಮಗುವನ್ನು ಸಾಕುತ್ತಿದ್ದರು. ಸರದಿಯಂತೆ ದಿನಕ್ಕೊಂದು ಮನೆಯವರು ಮೊಟ್ಟೆ ಬೇಯಿಸಿ ಅಂಗನವಾಡಿಗೆ ತಂದುಕೊಡುವರು. ಅಲ್ಲಿ ಕಲಿಸುವ ಅಕ್ಕೋರು ಅದನ್ನು ಆ ನಾಲ್ಕು ವರ್ಷದ ಹುಡುಗಿಯ ಕೈಗಿಡುವರು. "ಮನ್ಯಾಗ ತಿಂತೀನ್ರಿ" ಎಂದು ಅವಳು ಉಡಿಯಲ್ಲಿಟ್ಟುಕೊಂಡು ಹೊರಡುವಳು. ಆದರೂ ತೂಕದ ಮುಳ್ಳು ಮೇಲೇರಲಿಲ್ಲ. ಇನ್ನೂ ಇಳಿದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಮನ್ಯಾಗಿರೋ ಅಜ್ಜಿನ ತತ್ತಿ ನುಂಗ್ತಿರಬೇಕು ಬಿಡ್ರಿ," ಎಂದಳು ಅಂದು ಮೊಟ್ಟೆ ತಂದವಳು. "ಆಕಿ ಗಲ್ಲ ನೋಡ್ರಿ, ಹೆಂಗ ಮಿಂಚ್ತಾವ."

ಕತೆಯೊಳಗಿನ ರಾಕ್ಷಸಿ ಯಾರ ಕಣ್ಣಿಗೂ ಬೀಳದೆ ತಿಂದು ಹೋಗುವಂತೆ ಯಾರೋ ತಿನ್ನುತ್ತಿದ್ದಾರೆಂದು ಅಕ್ಕೋರಿಗೂ ಅನಿಸಿತ್ತು. ಅವರು ಹುಡುಗಿಯ ಮನೆಗೆ ಹೋಗಿ ಅಜ್ಜಿಯನ್ನು ಕೇಳಿಯೇಬಿಟ್ಟರು.

"ಮೊಮ್ಮಗಳ ಬಾಯಾಗಿಂದು ಕಸಗೊಂಡು ತಿನ್ನಾಕಿ ಅಲ್ರಿ ನಾ," ಎಂದು ಮುದುಕಿ ಕಣ್ಣೊರೆಸಿಕೊಂಡಳು. "ಒಂದ ತತ್ತೀನೂ ಈ ಹೊಸ್ತಿಲಾ ದಾಟಿ ಬಂದಿಲ್ಲ."

ಮರುದಿನ ಮಧ್ಯಾಹ್ನ ಅಕ್ಕೋರು ಸದ್ದಿಲ್ಲದೆ ಹುಡುಗಿಯ ಹಿಂದೆ ನಡೆದರು. ಅವಳು ಮನೆಯ ದಾರಿ ಬಿಟ್ಟು ಹಳ್ಳದ ದಂಡೆಗಿಳಿದಳು. ಅಲ್ಲಿ ಮೂರು ತಿಂಗಳ ಹಿಂದೆ ಅವಳ ತಮ್ಮನನ್ನು ಹೂಳಿದ್ದರು. ಸುತ್ತಲೂ ಮೊಟ್ಟೆಯ ಸಿಪ್ಪೆಗಳು ಬಿಸಿಲಿಗೆ ಬೆಳ್ಳಗೆ ಬಿದ್ದಿದ್ದವು. ಹುಡುಗಿ ಹೊಸ ಮೊಟ್ಟೆಯನ್ನು ಸುಲಿದು, ಬೆರಳನ್ನೂ ನೆಕ್ಕದೆ, ಆ ಮಣ್ಣಿನ ಮೇಲಿಟ್ಟು ಕಾಯುತ್ತ ಕುಳಿತಳು.

"ಹಿಂಗ್ಯಾಕ ಮಾಡ್ತೀಯವ್ವಾ?" ಅಕ್ಕೋರು ಅವಳ ಪಕ್ಕಕ್ಕೆ ಬಂದು ಕುಳಿತರು.

ಹುಡುಗಿ ತಲೆಯೆತ್ತಿ ನೋಡಿದಳು.

"ನೀವ ಹೇಳಿದ್ರಲ್ರಿ ಅಕ್ಕೋರ, ದಿನಾ ತತ್ತಿ ತಿಂದ್ರ ಮಲಗಿದ ಕೂಸೂ ಎದ್ದು ಓಡ್ತೈತಿ ಅಂತ."