ಬಿಟ್ಟುಹೋದ ಕೋಣೆ

ಫಾದರ್ ಬೊನವೆಂಚರ್ ಅವರು ಹಾಲ್, ಅಡುಗೆಮನೆ, ಬಾಲ್ಕನಿಗೆಲ್ಲ ಪವಿತ್ರ ಜಲ ಚಿಮುಕಿಸಿ, ಮಲಗುವ ಕೋಣೆಯ ಮುಚ್ಚಿದ ಬಾಗಿಲನ್ನು ಮಾತ್ರ ಕಾಣದವರಂತೆ ದಾಟಿಬಿಟ್ಟರು. ಬೆಸೆಂಟ್ ನಗರದ ಆ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಮಂಚ. ದಿನೇಶ್ ಮತ್ತು ಆಲ್ವಿನ್‌ಗೆ ಅಷ್ಟು ಸಾಕಾಗಿತ್ತು. ಆದರೆ ಮನೆ ಆಶೀರ್ವಾದಕ್ಕೆಂದು ಮಂಡ್ಯದಿಂದ ಬಂದಿದ್ದ ದಿನೇಶನ ತಾಯಿ ತುಳಸಮ್ಮನಿಗೆ ಮಗ ಇನ್ನೂ ಏನನ್ನೂ ಹೇಳಿರಲಿಲ್ಲ. ಗಂಡಸನ್ನೇ ಪ್ರೀತಿಸುವ ಹುಡುಗರನ್ನು ಪ್ರತಿ ಭಾನುವಾರ ಸಂಜೆ ಕೂರಿಸಿಕೊಂಡು, ಬಚ್ಚಿಟ್ಟುಕೊಂಡು ಬದುಕಬೇಡಿ ಎಂದು ಹೇಳುತ್ತಿದ್ದ ಫಾದರ್, ಇವತ್ತು ತಾವೇ ಒಂದು ಕೋಣೆಯನ್ನು ಬಚ್ಚಿಟ್ಟರು.

"ಅದ್ಯಾಕೆ ಫಾದ್ರೇ, ಆ ರೂಮ್ ಬಿಟ್ಬಿಟ್ರಿ?" ಎಂದರು ತುಳಸಮ್ಮ.

"ಒಳಗೆ ಸಾಮಾನು ತುಂಬಿದೆಯಂತಮ್ಮ." ಸುಳ್ಳು ರೂಢಿಯಿಲ್ಲದ ಫಾದರ್ ಕೆಮ್ಮಿದರು. ಆಲ್ವಿನ್ ಫ್ಯಾನ್ ನೋಡಿದ. ದಿನೇಶ್ ಯಾರನ್ನೂ ನೋಡಲಿಲ್ಲ.

"ಯಾವ ಸಾಮಾನು? ಬೆಳಿಗ್ಗೆ ಇವರಿಬ್ರೂ ಹಾಲು ತರಕ್ಕೆ ಹೋದಾಗ ನಾನೇ ಗುಡಿಸಿದ್ನಲ್ಲ."

ತುಳಸಮ್ಮ ಬಾಗಿಲು ತೆರೆದರು. ಮಂಚದ ಹೊದಿಕೆಯನ್ನು ಕೈಯಿಂದ ಒಮ್ಮೆ ಸವರಿ ಸರಿಮಾಡಿ, ಫಾದರ್‌ಗೆ ದಾರಿ ಬಿಟ್ಟು ನಿಂತರು.

"ಎರಡು ದಿಂಬವೆ ನೋಡಿ," ಎಂದರು. "ಎರಡರ ಮೇಲೂ ಬೀಳಂಗೆ ಹಾಕಿ."